ಅಜ್ಜಿಯ ನೋಟ್‌ಬುಕ್

ತೀರಿಹೋಗುವ ಎರಡು ವಾರ ಮುಂಚೆ ನಮ್ಮಜ್ಜಿ ಟ್ರಂಕಿನಿಂದ ಒಂದು ಹಳೇ ನೋಟ್‌ಬುಕ್ ತೆಗೆಸಿ ದಿಂಬಿನ ಪಕ್ಕ ಇಟ್ಟುಕೊಂಡರು. ಚರ್ಚಿನ ಸುಗ್ಗಿ ಹಬ್ಬದ ಹರಾಜಿಗೆ ಕೊಟ್ಟ ಬಾಳೆಗೊನೆ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದ ವರ್ಷಗಳು, ಯಾರದೋ ಮಗಳ ಮದುವೆಗೆ ಕೊಟ್ಟ ಇನ್ನೂರು ರೂಪಾಯಿ. ಎಲ್ಲವೂ ಪೆನ್ಸಿಲ್‌ನಲ್ಲಿ ಬರೆದಿತ್ತು. "ಇಷ್ಟು ಸಾಕಾಗುತ್ತಾ ಮಗಾ?" ಅಂತ ಕೇಳಿದರು.

ನನಗೆ ತುಂಬಾ ಸಂಕಟವಾಯಿತು. ಅರವತ್ತು ವರ್ಷ ತಪ್ಪದೆ ಆರಾಧನೆಗೆ ಹೋದವರು, ಕೊನೆಗೆ ದೇವರ ಮುಂದೆ ಲೆಕ್ಕ ಒಪ್ಪಿಸುವ ಭಯದಲ್ಲಿ ನಡುಗುವುದಾ? ತಪ್ಪು ಅವರದಲ್ಲ. ಕೃಪೆ, ಅಂದರೆ ಯೋಗ್ಯತೆ ನೋಡದೆ ದೇವರು ತೋರಿಸುವ ದಯೆ, ಅನ್ನುವ ಮಾತು ನಮ್ಮ ಹಾಡುಗಳಲ್ಲಿ ಬೇಕಾದಷ್ಟಿದೆ. ಆದರೆ ಚಿಕ್ಕಂದಿನಿಂದ ನಾವು ಮಕ್ಕಳಿಗೆ ಹೇಳುವುದು "ಒಳ್ಳೆಯವನಾಗಿದ್ರೆ ಯೇಸು ಪ್ರೀತಿಸ್ತಾನೆ" ಅಂತಲೇ ಅಲ್ವಾ?

ಬೈಬಲಿನಲ್ಲಿ, ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳುವುದೇ ಬೇರೆ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರು ಕೊಡುವ ವರ, ನಮ್ಮ ಕೆಲಸಕ್ಕೆ ಸಿಗುವ ಕೂಲಿ ಅಲ್ಲ. ಹಾಗಾದರೆ ಒಳ್ಳೆಯದು ಯಾಕೆ ಮಾಡಬೇಕು ಅಂತ ಕೇಳುವವರು ಜಾಸ್ತಿ. ಅದಕ್ಕೂ ಮುಂದಿನ ವಚನದಲ್ಲೇ, 10ನೇದರಲ್ಲಿ, ಉತ್ತರ ಇದೆ: ಸತ್ಕ್ರಿಯೆಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದಾನೆ. ಮೊದಲು ಕೃಪೆ, ಆಮೇಲೆ ಕೆಲಸ. ಈ ವಿಷಯಕ್ಕೇ ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಲೂಥರನ ಕಾಲದಿಂದ ಕ್ರೈಸ್ತ ಸಭೆಗಳು ಒಡೆದವು. 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕರೂ ಲೂಥರನ ಹಾದಿಯ ಲೂಥರನ್ನರೂ ಸೇರಿ, ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಅಂತ ಸಹಿ ಹಾಕಿದರು. ಓದಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಆದರೆ ನನ್ನನ್ನು ಕಾಡುವುದು ಯೇಸು ಹೇಳಿದ ದ್ರಾಕ್ಷಾತೋಟದ ಸಾಮ್ಯ, ಅಂದರೆ ನೀತಿಕಥೆ, ಮತ್ತಾಯ 20. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ, ಸಂಜೆ ಒಂದೇ ಗಂಟೆ ದುಡಿದವನಿಗೂ ಒಂದೇ ಕೂಲಿ. ಗೊಣಗಿದವರು ಯಾರು? ಬೆಳಿಗ್ಗೆ ಬಂದವರು. ಅಂದರೆ ನಮ್ಮಂಥವರು, ತಲೆಮಾರುಗಳಿಂದ ಕ್ರೈಸ್ತರು. ನಿನ್ನೆ ಮೊನ್ನೆ ಬಂದ ಕುಡುಕನೊಬ್ಬ ನಮ್ಮ ಪಕ್ಕದ ಬೆಂಚಲ್ಲಿ ಕೂತು ಅತ್ತರೆ ನಾವು ಸ್ವಲ್ಪ ಸರಿದು ಕೂರುತ್ತೇವೆ. ನಾನೂ ಸರಿದಿದ್ದೇನೆ. ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ಅವತ್ತು ಅಜ್ಜಿಗೆ ನಾನು ಇದ್ಯಾವುದನ್ನೂ ವಿವರಿಸಲಿಲ್ಲ. ಲೂಕ 23 ತೆಗೆದು, ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಭಾಗ ಓದಿದೆ. ಒಂದು ಒಳ್ಳೇ ಕೆಲಸ ಮಾಡಲಿಕ್ಕೂ ಅವನಿಗೆ ಕೈ ಬಿಡುವಿರಲಿಲ್ಲ, ಮೊಳೆ ಹೊಡೆದಿದ್ದರು. ನನ್ನನ್ನು ನೆನಪಿಸಿಕೋ ಅಂದ, ಅಷ್ಟೇ. ಇವತ್ತೇ ನೀನು ನನ್ನ ಸಂಗಡ ಸ್ವರ್ಗದಲ್ಲಿ ಇರುವೆ ಅಂದ ಯೇಸು.

ಅಜ್ಜಿ ಸುಮ್ನೆ ಕೇಳಿಸಿಕೊಂಡರು. "ಇನ್ನೊಂದ್ಸಲ ಓದು" ಅಂದರು. ಓದಿದೆ. ಆಮೇಲೆ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, ಗೋಡೆ ಕಡೆ ತಿರುಗಿ ನಿದ್ದೆ ಮಾಡಿದರು.