ಶೇರು ತಗೊಳ್ಳೋ ಮುಂಚೆ ಗಲ್ಲಾ ನೋಡಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ವಿಜಯನಗರದ ದರ್ಶಿನಿಯಲ್ಲಿ ಖಾಲಿ ದೋಸೆ ತಿನ್ನುತ್ತಾ ನಿಂತಿದ್ದೆ. ಪಕ್ಕದ ಮನೆ ಹುಡುಗ ಸಿಕ್ಕಿದ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ ಅಷ್ಟೆ. ಕಾಫಿ ಲೋಟ ಹಿಡಿದುಕೊಂಡು ಹತ್ತಿರ ಬಂದವನೇ, "ಅಂಕಲ್, ನೀವು ಇಪ್ಪತ್ತು ವರ್ಷದಿಂದ ಶೇರಲ್ಲಿ ದುಡ್ಡು ಹಾಕ್ತಿದ್ದೀರಂತೆ, ಅಮ್ಮ ಹೇಳಿದ್ರು. ಹತ್ತು ವರ್ಷ ಇಟ್ಕೊಳ್ಳೋಕೆ ನಾಲ್ಕು ಒಳ್ಳೆ ಶೇರು ಹೇಳಿ" ಅಂದ.

ನಾನು ಹೆಸರು ಹೇಳಲಿಲ್ಲ. ಹೇಳಿದ ಶೇರು ಬಿದ್ದರೆ ದಿನಾ ಬೆಳಿಗ್ಗೆ ಕಾಂಪೌಂಡ್ ಆಚೆ ಅವರಮ್ಮನ ಮುಖ ನೋಡಬೇಕಲ್ಲ. ಕ್ಯಾಶ್ ಕೌಂಟರ್ ಕಡೆ ಕೈ ತೋರಿಸಿದೆ. ಎರಡು ನಿಮಿಷಕ್ಕೊಮ್ಮೆ ಅಲ್ಲಿಟ್ಟಿದ್ದ ಯುಪಿಐ ಡಬ್ಬಿ "ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗುತ್ತಿತ್ತು. ಇಲ್ಲಿ ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ದೋಸೆ. ಅಕ್ಕಿ, ಉದ್ದಿನಬೇಳೆ ಕೊಟ್ಟವನಿಗೆ ದುಡ್ಡು ಹೋಗುವುದು ವಾರಕ್ಕೋ ಹದಿನೈದು ದಿನಕ್ಕೋ. ಅಂದರೆ ಗಿರಾಕಿ ದುಡ್ಡಲ್ಲೇ ವ್ಯಾಪಾರ ನಡೆಯುತ್ತೆ. ಮಾಲೀಕ ಬಡ್ಡಿಗೆ ಸಾಲ ತರಬೇಕಾಗಿಲ್ಲ.

ಎದುರುಗಡೆ ರಸ್ತೆ ಅಗೆದು ಬಿಟ್ಟಿದ್ದರು, ವೈಟ್ ಟಾಪಿಂಗ್ ಕೆಲಸ, ಅಂದರೆ ರಸ್ತೆಗೆ ಕಾಂಕ್ರೀಟ್ ಹಾಕೋದು. ಇಂಥ ಕೆಲಸ ಹಿಡಿದ ಕಂಪನಿ ಹೇಗೆ ನಡೆಯುತ್ತೆ ನೋಡು ಅಂದೆ. ಕೂಲಿಯವರಿಗೆ ವಾರದ ಬಟವಾಡೆ ಕೊಡಲೇಬೇಕು. ಸಿಮೆಂಟಿಗೆ ದುಡ್ಡು ಕೊಡಲೇಬೇಕು. ಇಷ್ಟು ಕೆಲಸ ಆಯ್ತು ಅಂತ ಬಿಲ್ ಹಾಕಿದರೆ ಪುಸ್ತಕದಲ್ಲಿ ಲಾಭ ಕಾಣುತ್ತೆ. ದುಡ್ಡು ಕೈಗೆ ಬರೋದು ಆರು ತಿಂಗಳಿಗೋ ಎರಡು ವರ್ಷಕ್ಕೋ. ಕಂಟ್ರಾಕ್ಟರುಗಳು ಬಾಕಿ ಬಿಲ್ಲಿಗೆ ಅಲೆಯೋದನ್ನ ಪೇಪರಲ್ಲಿ ಓದುತ್ತಾನೇ ಇರುತ್ತೇವೆ. ಅಲ್ಲಿಯವರೆಗೆ ಬ್ಯಾಂಕಿನ ಸಾಲ, ಅದಕ್ಕೆ ಬಡ್ಡಿ.

ಎರಡೂ ಕಡೆ "ಲಾಭ" ಅಂತಲೇ ಬರೆದಿರುತ್ತಾರೆ. ಅದೇ ತೊಂದರೆ.

ಇದು ನನಗೆ ಹುಟ್ಟುತ್ತಲೇ ಬಂದ ಬುದ್ಧಿ ಅಲ್ಲ, ದುಡ್ಡು ಕೊಟ್ಟು ಕಲಿತಿದ್ದು. 2007ರಲ್ಲಿ ಆಫೀಸ್ ಕ್ಯಾಂಟೀನಿನಲ್ಲಿ ಒಬ್ಬರು ಹೇಳಿದರು ಅಂತ ಒಂದು ಮೂಲಸೌಕರ್ಯ ಕಂಪನಿಯ ಶೇರು ತಗೊಂಡೆ. ಹೆಸರು ಬೇಡ ಬಿಡಿ. ಮುನ್ನೂರು ಚಿಲ್ಲರೆ ರೂಪಾಯಿ ಇತ್ತು. ಪ್ರತಿ ವರ್ಷ ಲಾಭ ಜಾಸ್ತಿ ಆಗ್ತಿದೆ ಅನ್ನೋದೊಂದನ್ನೇ ನೋಡಿದ್ದೆ. ವಾರ್ಷಿಕ ವರದಿ ಮನೆಗೇ ಬರುತ್ತಿತ್ತು, ದಪ್ಪನೆ ಪುಸ್ತಕ. ಮೊದಲ ನಾಲ್ಕು ಪುಟದ ಫೋಟೋ ನೋಡಿ ರದ್ದಿಗೆ ಹಾಕುತ್ತಿದ್ದೆ. ಆಮೇಲೆ ಒಂದು ದಿನ ಕೂತು ಓದಿದರೆ, ವ್ಯಾಪಾರಕ್ಕಿಂತ ಬರಬೇಕಾದ ಬಾಕಿಯೇ ಜೋರಾಗಿ ಬೆಳೆದಿತ್ತು. ಮಾಲೀಕರು ತಮ್ಮ ಶೇರನ್ನೇ ಅಡ ಇಟ್ಟು ಸಾಲ ಎತ್ತಿದ್ದರು. ಬೆಲೆ ಇಳಿದಾಗ ಸಾಲ ಕೊಟ್ಟವರು ಆ ಶೇರು ಮಾರಿದರು, ಬೆಲೆ ಇನ್ನೂ ಇಳಿಯಿತು. ಆ ಶೇರು ನನ್ನ ಡಿಮ್ಯಾಟ್‌ನಲ್ಲಿ, ಅಂದರೆ ಶೇರು ಇಡೋ ಖಾತೆಯಲ್ಲಿ, ಇವತ್ತಿಗೂ ಇದೆ. ಒಂದು ಶೇರು ಮಾರಿದರೆ ಒಂದು ಇಡ್ಲಿ ಬರಲ್ಲ.

ಹಾಗಾಗಿ ಈಗ ನಾನು ಮಾಡೋ ಮೊದಲ ಕೆಲಸ ಒಂದು ಕೂಡುವ ಲೆಕ್ಕ. ಕಂಪನಿಯ ಹತ್ತು ವರ್ಷದ ನಿವ್ವಳ ಲಾಭ ಕೂಡಿಸುತ್ತೇನೆ. ಪಕ್ಕದಲ್ಲಿ ಅದೇ ಹತ್ತು ವರ್ಷ ವ್ಯಾಪಾರದಿಂದ ಕೈಗೆ ಬಂದ ದುಡ್ಡು ಕೂಡಿಸುತ್ತೇನೆ. ವಾರ್ಷಿಕ ವರದಿಯಲ್ಲಿ ದುಡ್ಡು ಬಂದು ಹೋದ ಲೆಕ್ಕ ಹೇಳೋ ಕ್ಯಾಶ್ ಫ್ಲೋ ಪಟ್ಟಿಯಲ್ಲಿ ಇದು ಮೊದಲ ಭಾಗ, 'ಆಪರೇಟಿಂಗ್' ಅಂತ ಇರುತ್ತೆ. ಸವಕಳಿ, ಅಂದರೆ ಯಂತ್ರ, ಕಟ್ಟಡ ವರ್ಷ ವರ್ಷ ಸವೆಯೋದಕ್ಕೆ ಹಾಕೋ ಲೆಕ್ಕ, ಪುಸ್ತಕದಲ್ಲಿ ಖರ್ಚು, ಕೈಯಿಂದ ಹೋಗೋ ದುಡ್ಡಲ್ಲ. ಅದಕ್ಕೇ ಚೆನ್ನಾಗಿ ನಡೆಯೋ ಕಂಪನಿಯಲ್ಲಿ ಈ ಎರಡನೇ ಮೊತ್ತ ಲಾಭಕ್ಕೆ ಸಮ ಇರಬೇಕು, ಇಲ್ಲವೇ ಜಾಸ್ತಿ ಇರಬೇಕು. ಒಂದೆರಡು ವರ್ಷ ಏರುಪೇರು ಆದರೆ ಪರವಾಗಿಲ್ಲ. ಹತ್ತು ವರ್ಷ ಸೇರಿಸಿಯೂ ಅರ್ಧಕ್ಕರ್ಧ ಬಂದಿಲ್ಲ ಅಂದರೆ ನಾನು ಆ ಪುಸ್ತಕ ಮುಚ್ಚಿಡುತ್ತೇನೆ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಲೆಕ್ಕ ನಡೆಯಲ್ಲ. ಅವರಿಗೆ ಸಾಲ ಕೊಡೋದೇ ವ್ಯಾಪಾರ, ಅಲ್ಲಿ ವಸೂಲಾಗದ ಸಾಲ ಎಷ್ಟು ಅಂತ ನೋಡಬೇಕು. ವರದಿಗಳೆಲ್ಲ ಎನ್‌ಎಸ್‌ಇ, ಬಿಎಸ್‌ಇ ಅನ್ನೋ ಶೇರು ಪೇಟೆಗಳ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತವೆ. ಯಾರಿಗೂ ಫೀಸು ಕೊಡಬೇಕಾಗಿಲ್ಲ.

ಹುಡುಗ ಚುರುಕು. "ಗಲ್ಲಾನೇ ಸುಳ್ಳಾದ್ರೆ ಅಂಕಲ್?" ಅಂದ.

ಆಗಿದೆ. 2009ರ ಜನವರಿ 7ರಂದು ಸತ್ಯಂ ಅನ್ನೋ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಶೇರಿನ ಬೆಲೆ ಒಂದೇ ದಿನದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಆ ತಿಂಗಳೇ ಶೇರು ಪೇಟೆಯನ್ನು ನಿಯಂತ್ರಿಸುವ ಸೆಬಿ, ನನ್ನ ಆ ಕಂಪನಿಯಲ್ಲಿ ಆದ ಹಾಗೆ ಮಾಲೀಕರು ಅಡ ಇಟ್ಟ ಶೇರಿನ ಲೆಕ್ಕವನ್ನು ಹೊರಗೆ ಹೇಳಲೇಬೇಕು ಅಂತ ನಿಯಮ ಮಾಡಿತು. ಸತ್ಯಂ ನೋಡಿದ ಮೇಲೆ, ಯಾವುದೇ ಕಂಪನಿ ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಅಂತ ತೋರಿಸಿದರೆ, ಅದಕ್ಕೆ ತಕ್ಕ ಬಡ್ಡಿ ಬಂದಿದೆಯಾ ನೋಡುತ್ತೇನೆ. ಡಿವಿಡೆಂಡ್, ಅಂದರೆ ಶೇರುದಾರರಿಗೆ ಲಾಭದ ಪಾಲು, ಕೊಟ್ಟಿದ್ದಾರಾ? ಇಷ್ಟೊಂದು ನಗದು ಇಟ್ಟುಕೊಂಡು ಮತ್ತೆ ಸಾಲ ಯಾಕೆ ತರುತ್ತಿದ್ದಾರೆ? ಮನೆಯಲ್ಲಿ ಅಕ್ಕಿ ಮೂಟೆ ಇದೆ ಅಂದವರು ದಿನಾ ಪಕ್ಕದ ಮನೆಗೆ ಪಾವು ಅಕ್ಕಿ ಕೇಳೋಕೆ ಬಂದರೆ ನಮಗೆ ಅನುಮಾನ ಬರಲ್ವಾ?

ಇನ್ನೊಂದು, ಇವತ್ತು ಗಲ್ಲಾ ತುಂಬುತ್ತಿರೋದು ಹತ್ತು ವರ್ಷ ಆದಮೇಲೂ ತುಂಬುತ್ತಾ ಅನ್ನೋದು. ನಮ್ಮ ತಂದೆ ಕೈಯಲ್ಲಿ ಎಚ್‌ಎಂಟಿ ಜನತಾ ವಾಚು ಇತ್ತು. ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಶುರುವಾಗುವಾಗ ಕೀ ಕೊಡುತ್ತಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಆ ಫ್ಯಾಕ್ಟರಿ ಶುರುವಾಗಿದ್ದು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕೊಡಲೇಬೇಕಿತ್ತು. ಇಂಥ ಕಂಪನಿ ಮುಳುಗುತ್ತೆ ಅಂತ ಆಗ ಹೇಳಿದ್ದರೆ ಆ ಫ್ಯಾಕ್ಟರಿ ಇದ್ದ ಜಾಲಹಳ್ಳಿಯಲ್ಲಿ ಏಟು ಬೀಳುತ್ತಿತ್ತು. 1987ರಲ್ಲಿ ಇಲ್ಲೇ ಹೊಸೂರಿನಿಂದ ಟೈಟಾನ್ ಕ್ವಾರ್ಟ್ಜ್ ವಾಚು ಬಂತು. ಕೀ ಕೊಡೋದು ಬೇಡ, ನೋಡೋಕೆ ತೆಳ್ಳಗೆ, ಅಂಗಡಿ ಝಗಮಗ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಕೇಂದ್ರ ಸಂಪುಟ ಒಪ್ಪಿತು. ತಂದೆಯ ವಾಚು ಈಗಲೂ ಸರಿಯಾಗಿ ಓಡುತ್ತೆ. ವಸ್ತು ಚೆನ್ನಾಗಿದೆ ಅಂತ ಕಂಪನಿ ಉಳಿಯಲಿಲ್ಲ. "ಇಟ್ಟು ಮರೆತುಬಿಡಿ" ಅಂತ ಸಲಹೆ ಕೊಡುವವರ ಮಾತು ನನಗೆ ಒಗ್ಗದಿರೋದು ಇದಕ್ಕೇ. ಇಡಿ, ಆದರೆ ವರ್ಷಕ್ಕೊಮ್ಮೆ ವರದಿ ಬಂದಾಗಲಾದರೂ ಒಂದು ಸಂಜೆ ಕೂತು ಓದಿ.

ಬೆಲೆ ವಿಷಯಕ್ಕೆ ಬಂದರೆ, ಬೆಂಗಳೂರಿನಲ್ಲಿ ಇನ್ಫೋಸಿಸ್ ಕಥೆ ಕೇಳದವರು ಇಲ್ಲ. 1993ರಲ್ಲಿ ಕಂಪನಿ ಮೊದಲ ಸಲ ಜನರಿಗೆ ಶೇರು ಮಾರಿದಾಗ 95 ರೂಪಾಯಿಗೆ ಒಂದು ಶೇರು. ಆ ಇಶ್ಯೂಗೆ ಆಗ ಪೂರ್ತಿ ಅರ್ಜಿಯೂ ಬಂದಿರಲಿಲ್ಲ. 9,500 ರೂಪಾಯಿ ಹಾಕಿ ನೂರು ಶೇರು ತಗೊಂಡು ಮಾರದೆ ಕೂತವರ ಹತ್ತಿರ, ಬೋನಸ್ಸು (ಕಂಪನಿ ಪುಕ್ಕಟೆ ಕೊಡೋ ಶೇರು), ಸ್ಪ್ಲಿಟ್ಟು (ಒಂದು ಶೇರನ್ನು ಒಡೆದು ಹೆಚ್ಚು ಶೇರು ಮಾಡೋದು) ಎಲ್ಲ ಸೇರಿ 2018ರ ಹೊತ್ತಿಗೆ 1,02,400 ಶೇರು ಆಗಿತ್ತು. ನಮ್ಮ ಸೋದರಮಾವನೂ ತಗೊಂಡಿದ್ದರು. ಮೂರನೇ ವರ್ಷ ಮಾರಿ ಮನೆಗೆ ಮೊಸಾಯಿಕ್ ಹಾಕಿಸಿದರು. ಆ ನೆಲದ ಮೇಲೆ ಕೂತು ಊಟ ಮಾಡುವಾಗೆಲ್ಲ ಯಾರಾದರೂ ಒಬ್ಬರು ಚದರಡಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕುತ್ತಾರೆ! ಈ ಕಥೆಯ ಇನ್ನೊಂದು ತುದಿಯನ್ನು ಯಾರೂ ಹೇಳಲ್ಲ. ಇದೇ ಶೇರನ್ನು 2000ದ ಮಾರ್ಚ್‌ನಲ್ಲಿ, ಎಲ್ಲರ ಬಾಯಲ್ಲೂ ಇದ್ದಾಗ ತಗೊಂಡವರು ಹಾಕಿದ ದುಡ್ಡು ವಾಪಸ್ ನೋಡೋಕೆ ವರ್ಷಗಟ್ಟಲೆ ಕಾಯಬೇಕಾಯಿತು. ಕಂಪನಿ ಅದೇ, ಮಾಲೀಕರು ಅವರೇ, ಲಾಭವೂ ಬೆಳೆಯುತ್ತಿತ್ತು. ಕೊಟ್ಟ ಬೆಲೆ ಮಾತ್ರ ಜಾಸ್ತಿ ಆಗಿತ್ತು.

ಇಷ್ಟೆಲ್ಲ ಓದೋಕೆ ಪುರುಸೊತ್ತಿಲ್ಲ ಅನ್ನೋರು ಐವತ್ತು ದೊಡ್ಡ ಕಂಪನಿಗಳ ಶೇರನ್ನು ಒಟ್ಟಿಗೆ ಕೊಳ್ಳೋ ನಿಫ್ಟಿ ಇಂಡೆಕ್ಸ್ ಫಂಡಿಗೆ ತಿಂಗಳು ತಿಂಗಳು ಹಾಕಿ. ನಾಚಿಕೆ ಏನಿಲ್ಲ, ನನ್ನ ಅರ್ಧಕ್ಕಿಂತ ಜಾಸ್ತಿ ದುಡ್ಡು ಅಲ್ಲೇ ಇದೆ. ಶೇರಿನ ಮುಂದಿನ ಬೆಲೆ ಮೇಲೆ ಪಣ ಕಟ್ಟೋ ಫ್ಯೂಚರ್ಸ್ ಆಪ್ಷನ್ಸ್ ಕಡೆ ಮಾತ್ರ ತಲೆ ಹಾಕಬೇಡಿ. ಮೂರು ವರ್ಷದಲ್ಲಿ ಅಲ್ಲಿ ಆಡಿದ ನೂರು ಜನರಲ್ಲಿ 93 ಜನ ಕಳೆದುಕೊಂಡಿದ್ದಾರೆ ಅಂತ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ.

ನಿನ್ನೆ ಸಂಜೆ ಹುಡುಗ ಗೇಟಿನ ಹತ್ತಿರ ಸಿಕ್ಕಿದ. ಮೊಬೈಲಿನಲ್ಲಿ ಎಕ್ಸೆಲ್ ತೋರಿಸಿದ. ಮೂರು ಕಂಪನಿಯ ಲೆಕ್ಕ ಮಾಡಿದ್ದ. ಒಂದರಲ್ಲಿ ಹತ್ತು ವರ್ಷದ ಲಾಭ 800 ಕೋಟಿ, ಕೈಗೆ ಬಂದಿದ್ದು 310.

"ಇದನ್ನೇ ಅಂಕಲ್ ನಮ್ಮ ಟೀಮ್ ಲೀಡ್ ತಗೋ ತಗೋ ಅಂತಿದ್ದಿದ್ದು."

ಅವರು ಎಷ್ಟು ಹಾಕಿದ್ದಾರಪ್ಪಾ ಅಂತ ಕೇಳಿದೆ.

"ಪರ್ಸನಲ್ ಲೋನ್ ತಗೊಂಡು ಹಾಕಿದ್ದಾರೆ."

ಈ ಎಕ್ಸೆಲ್ ಅವರಿಗೂ ಕಳಿಸು ಅಂದೆ. ಸೋಮವಾರ ಊಟದ ಹೊತ್ತಿಗೆ ತೋರಿಸ್ತೀನಿ ಅಂದಿದ್ದಾನೆ.