ನೀರು ಕುಡಿದಷ್ಟು ಸುಲಭ

ಸಲೀಸಾಗಿ ಆಗುವ ಕೆಲಸಕ್ಕೆ ‘ನೀರು ಕುಡಿದಷ್ಟು ಸುಲಭ’ ಅನ್ನುತ್ತಾರೆ. ಈ ಮಾತು ಹುಟ್ಟಿದ್ದು ನಮ್ಮ ಕೋಲಾರದಲ್ಲಂತೂ ಅಲ್ಲ. ಹೊಳೆ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತ ಯಾರೋ ಮಲೆನಾಡಿನವರು ಹೇಳಿರಬೇಕು. ನಮ್ಮಲ್ಲಿ ನೀರು ಕುಡಿಯಬೇಕಾದರೆ ಮೊದಲು ಐದು ರೂಪಾಯಿ ನಾಣ್ಯ ಹುಡುಕಬೇಕು. ಆಮೇಲೆ ಕ್ಯಾನು ತೊಳೆಯಬೇಕು. ಆಮೇಲೆ ಸ್ಕೂಟರಿನ ಮುಂದೆ ಅದನ್ನು ಕಾಲಸಂದಿಯಲ್ಲಿ ಕೂರಿಸಿಕೊಂಡು ಫಿಲ್ಟರ್ ನೀರಿನ ಘಟಕಕ್ಕೆ ಹೋಗಬೇಕು. ಮನೆಯಲ್ಲಿ ಬೋರ್ ನೀರು ಇದೆ. ಆದರೆ ಅದು ಸಾವಿರ ಅಡಿ ಆಳದಿಂದ ಬಂದ ನೀರು, ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಗೆರೆ ಇದ್ದರೆ ಊರು ಕೇಳಬೇಕಾಗಿಲ್ಲ, ನಮ್ಮ ಕಡೆಯವರೇ ಇರಬಹುದು.

ಹೀಗೆ ಕಷ್ಟಪಟ್ಟು ತಂದ ನೀರನ್ನು ನಾವು ಕುಡಿಯುತ್ತೇವಾ? ಅಲ್ಲೇ ಇರೋದು ಮಜಾ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಗ್ಗೆ ಗೆಳೆಯರ ಜೊತೆ ಅಂತರಗಂಗೆ ಮೆಟ್ಟಿಲು ಹತ್ತಿ ಬಂದಿದ್ದೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಸದಾ ನೀರು ಬೀಳುತ್ತಿರುತ್ತದೆ. ಕೆಳಗೆ ಊರಿನ ಕೊಡಗಳು ಸಾಲು ನಿಂತಿದ್ದರೂ ಮೇಲೆ ಬಸವಣ್ಣನಿಗೆ ಬರ ತಟ್ಟಿಲ್ಲ. ಎರಡು ಹನಿ ತಲೆಗೆ ಪ್ರೋಕ್ಷಿಸಿಕೊಂಡು ಕೈ ಮುಗಿದೆ. ಬೆನ್ನಿಗೆ ಅಂಗಿ ಅಂಟುವಷ್ಟು ಬೆವರಿದ್ದೆ. ಬಾಟಲಿ ಒಯ್ದಿರಲಿಲ್ಲ. ಕೈಯಲ್ಲಿ ಏನಿದ್ದರೂ ಅಲ್ಲಿನ ಕೋತಿಗಳು ಕಿತ್ತುಕೊಳ್ಳುತ್ತವೆ ಅನ್ನೋದು ನನ್ನ ನೆಪ. ಮನೆಗೆ ಬಂದು ಉಪ್ಪಿಟ್ಟು ತಿಂದೆ, ಅರ್ಧ ಲೋಟ ಕಾಫಿ ಕುಡಿದೆ. ಹನ್ನೊಂದು ಗಂಟೆಗೆ ಕ್ಯಾನು ಹಿಡಿದು ಹೊರಟೆ.

ನಾಣ್ಯ ಹಾಕಿದೆ. ಕುಕ್ಕರಗಾಲಲ್ಲಿ ಕೂತು ಕ್ಯಾನಿನ ಬಾಯಿಗೆ ಪೈಪು ಹಿಡಿದೆ. ಇಪ್ಪತ್ತು ಲೀಟರ್ ತುಂಬಲು ಸ್ವಲ್ಪ ಹೊತ್ತು ಬೇಕು. ಕ್ಯಾನಿನ ಕಂಠದವರೆಗೆ ನೀರು ಬಂತು. ನನ್ನ ಕಂಠ ಒಣಗಿರುವುದು ನನಗೇ ಗೊತ್ತಾಗಿರಲಿಲ್ಲ. ಮುಚ್ಚಳ ತಿರುವಿ, ಕ್ಯಾನು ಎತ್ತಿಕೊಂಡು, ದಡಕ್ಕನೆ ಎದ್ದು ನಿಂತೆ.

ಮೊದಲು ಕಿವಿಯಲ್ಲಿ ಗುಂಯ್ ಅಂತು. ಆಮೇಲೆ ಘಟಕದ ನೀಲಿ ಗೋಡೆ ಬೂದು ಬಣ್ಣಕ್ಕೆ ತಿರುಗಿತು. ಅಂಚಿನಿಂದ ಕತ್ತಲೆ ಒಳಗೆ ಸರಿಯಿತು, ಹಳೇ ಟೀವಿ ಆಫ್ ಮಾಡಿದಾಗ ಬೆಳಕು ಚುಕ್ಕಿಯಾಗುತ್ತಿತ್ತಲ್ಲ, ಹಾಗೆ. ಕ್ಯಾನು ಕೈಯಿಂದ ಜಾರಿ ಕಾಲ ಹತ್ತಿರ ಬಿತ್ತು. ಕುಡಿಯಲು ನೀರಿಲ್ಲದೆ ಬಿದ್ದವರ ಕಥೆ ನೀವು ಕೇಳಿರಬಹುದು. ಇಪ್ಪತ್ತು ಲೀಟರ್ ಕೈಯಲ್ಲಿ ಹಿಡಿದುಕೊಂಡೇ ಬಿದ್ದವನು ನಾನೊಬ್ಬನೇ ಇರಬೇಕು.

ಇಷ್ಟಾದ ಮೇಲೆ ನಮ್ಮೂರ ವೈದ್ಯಮಂಡಳಿ ಸೇರಿತು. ಒಬ್ಬರು ‘ಪಿತ್ತ’ ಅಂದರು. ಇನ್ನೊಬ್ಬರು ‘ಗ್ಯಾಸ್’ ಅಂದರು. ನಮ್ಮಲ್ಲಿ ಹೆಬ್ಬೆರಳು ಉಳುಕಿದರೂ ಗ್ಯಾಸೇ. ‘ಶುಗರ್ ಇರಬೇಕು, ಚೆಕ್ ಮಾಡಿಸಿ’ ಅಂತ ಮೂರನೆಯವರು. ಇಬ್ಬರು ತೋಳು ಹಿಡಿದು ನನ್ನನ್ನು ಎತ್ತಿ ನಿಲ್ಲಿಸಲು ನೋಡಿದರು. ಬಿದ್ದವನನ್ನು ನಿಲ್ಲಿಸದಿದ್ದರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ನಿಲ್ಲಿಸಿದ ಕೂಡಲೇ ಮತ್ತೆ ಕತ್ತಲೆ.

ಪಕ್ಕದಲ್ಲಿ ಸೊಪ್ಪು ಮಾರುವ ಅಜ್ಜಿ ಒಬ್ಬಳು ಗದರಿಕೊಂಡಳು. ‘ಬಿಡ್ರಯ್ಯ ಅವನ್ನ! ಮುಂದು ಕೂಚೋ, ಕೂಚೋ.’ ಮೊದಲು ಕೂತ್ಕೋ ಅಂತ. ನಮ್ಮ ಕಡೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವುದು ಮಾಮೂಲು. ನೆರಳಿಗೆ ಎಳೆದು ಮಲಗಿಸಿದಳು. ಸೊಪ್ಪಿನ ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ನನ್ನ ಕಾಲಿಟ್ಟಳು. ಆಮೇಲೆ ಕೇಳಿದಳು: ‘ಪೊದ್ದುನ್ನಿಂಚಿ ನೀಳ್ಳು ತಾಗಿನಾವಾ?’ ಬೆಳಗ್ಗೆಯಿಂದ ನೀರು ಕುಡಿದಿದ್ದೀಯಾ?

ಐವತ್ತೆಂಟು ವರ್ಷದ ಮನುಷ್ಯ ನಾನು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ ಆಕಾಶ ನೋಡಿದೆ.

ಇದಕ್ಕೆ ಕನ್ನಡದಲ್ಲಿ ‘ಬವಳಿ’ ಅಂತ ಚೆಂದದ ಪದ ಇದೆ. ಈಗ ಎಲ್ಲದಕ್ಕೂ ‘ತಲೆ ಸುತ್ತು’ ಅಂದುಬಿಡುತ್ತೇವೆ. ಆದರೆ ಕಣ್ಣೆದುರು ಊರೇ ತಿರುಗುವುದು ಬೇರೆ, ನಾನು ತೂರಾಡುವುದು ಬೇರೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಫ್ಯಾನು, ಗೋಡೆ ಎಲ್ಲ ಗಿರಗಿಟ್ಲೆಯಾದರೆ ಅದು ಬಹುಮಟ್ಟಿಗೆ ಕಿವಿಯ ಒಳಗಿನ ತಕರಾರು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು, ಕೂತರೆ ಸರಿಹೋದರೆ ಅದು ಬವಳಿ.

ಸಂಜೆ ಡಾಕ್ಟರ ಹತ್ತಿರ ಹೋದೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿದರು, 128. ಎದ್ದು ನಿಲ್ಲಿಸಿ ಮತ್ತೆ ನೋಡಿದರು, 104. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ ಗಮನಿಸಬೇಕಂತೆ. ಎದ್ದು ನಿಂತಾಗ ಅರ್ಧ ಲೀಟರಿಗೂ ಮೇಲ್ಪಟ್ಟು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ದಿನವೂ, ಎಲ್ಲರಿಗೂ. ರಕ್ತನಾಳ ಬಿಗಿಯಾಗಿ, ಎದೆ ಒಂದಷ್ಟು ಬಡಿತ ಜಾಸ್ತಿ ಬಡಿದು ಅದನ್ನು ಸರಿದೂಗಿಸುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದಾಗ ಈ ಲೆಕ್ಕ ತಪ್ಪುತ್ತದೆ.

ಅವರು ಇನ್ನೂ ವಿವರಿಸುತ್ತಿದ್ದರು. ನನಗೆ ನಮ್ಮ ಬೀದಿಯ ಮೂರನೇ ಮಹಡಿಯವರು ನೆನಪಾದರು. ಸಂಪಿನಲ್ಲಿ ತಳ ಕಂಡಾಗ ಮೋಟಾರು ಎಷ್ಟು ಅರಚಿಕೊಂಡರೂ ಮೇಲಕ್ಕೆ ನೀರು ಏರುವುದಿಲ್ಲ. ಕೆಳಮನೆಯಲ್ಲಿ ನಲ್ಲಿ ಬರುತ್ತಿರುತ್ತದೆ, ಮೇಲಿನವರು ಬಕೆಟ್ ಬಡಿಯುತ್ತಿರುತ್ತಾರೆ. ತಲೆ ಅಂದರೆ ಮೂರನೇ ಮಹಡಿ. ನೆಲಕ್ಕೆ ಮಲಗಿಸಿ ಕಾಲು ಮೇಲೆತ್ತಿದ ಅಜ್ಜಿ ಇಡೀ ಬಿಲ್ಡಿಂಗನ್ನೇ ಒಂದು ಅಂತಸ್ತು ಮಾಡಿಬಿಟ್ಟಿದ್ದಳು.

ನನ್ನ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧವೂ ಸೇರಿದೆ ಅನ್ನೋದು ಅವತ್ತೇ ಗೊತ್ತಾಗಿದ್ದು. ‘ಅಂತ ನೀವೇ ಮಾತ್ರೆ ಬಿಟ್ಟುಬಿಡಬೇಡಿ’ ಅಂತ ಡಾಕ್ಟರು ಮೊದಲೇ ಬೆರಳು ತೋರಿಸಿದರು. ಮುಖ ಓದಿದ್ದರು. ವಯಸ್ಸಾದ ಹಾಗೆ ಬಾಯಾರಿಕೆಯೂ ಮಂದವಾಗುತ್ತದಂತೆ. ನನಗೆ ಬಾಯಾರಿದರೆ ಕುಡಿಯೋಣ ಅಂತ ಕಾಯುವ ಅಭ್ಯಾಸ. ಬಾಯಾರಿಕೆ ಬರುವಷ್ಟರಲ್ಲಿ ಬವಳಿ ಬಂದಿತ್ತು. ಕಾಫಿಗೆ ಮಾತ್ರ ಅವರು ಬೈಯಲಿಲ್ಲ. ಅಳತೆಯಲ್ಲಿ ಕುಡಿದರೆ ಅದರ ನೀರೂ ಲೆಕ್ಕಕ್ಕೆ ಬರುತ್ತದೆ ಅಂದರು. ಮನೆಯಲ್ಲಿ ಇದನ್ನು ಮೂರು ಸಲ ಹೇಳಿದ್ದೇನೆ, ಯಾರೂ ನಂಬಿಲ್ಲ.

ಮತ್ತೆ ಎಷ್ಟು ಕುಡಿಯಬೇಕು ಅಂತ ಲೀಟರ್ ಲೆಕ್ಕ ಕೇಳಿದೆ. ‘ಲೀಟರ್ ಬಿಡಿ, ಬಣ್ಣ ನೋಡಿ’ ಅಂದರು. ಮೂತ್ರ ತಿಳಿ ನಿಂಬೆ ಷರಬತ್ತಿನ ಹಾಗಿದ್ದರೆ ಸರಿ. ಹೊಂಗೆ ಎಣ್ಣೆಯ ಹಾಗಿದ್ದರೆ ಮೈ ನೀರು ಉಳಿಸಿಕೊಳ್ಳಲು ಒದ್ದಾಡುತ್ತಿದೆ ಅಂತ ಅರ್ಥ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರು ಡಾಕ್ಟರು ಹೇಳಿದ ಅಳತೆಯಲ್ಲೇ ಕುಡಿಯಬೇಕು.

ಹೊರಡುವಾಗ ಕೈಗೆ ಎರಡು ಓಆರ್‌ಎಸ್ ಪೊಟ್ಟಣ ಕೊಟ್ಟರು. ಉಪ್ಪು ಸಕ್ಕರೆ ಪುಡಿ ಅಂತ ನಾನು ಅದನ್ನು ಸ್ವಲ್ಪ ಕೀಳಾಗಿಯೇ ನೋಡುತ್ತಿದ್ದೆ. ಆದರೆ ಅದರ ಹಿಂದೆ ದೊಡ್ಡ ಕಥೆ ಇದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ನರಕ್ಕೆ ಏರಿಸುವ ಸಲೈನ್ ಬಾಟಲಿ ಸಾಲಲಿಲ್ಲ. ಡಾ. ದಿಲೀಪ್ ಮಹಲನಬೀಸ್ ನೀರಿಗೆ ಉಪ್ಪು, ಗ್ಲೂಕೋಸು ಕಲಸಿ ಡ್ರಮ್ಮಿನಲ್ಲಿಟ್ಟರು. ರೋಗಿಯ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಉಪ್ಪು, ಸಕ್ಕರೆ ಎರಡೂ ಯಾಕೆ ಬೇಕು ಅಂದರೆ, ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಇವೆರಡೂ ಜೋಡಿಯಾಗಿ ಬಂದರೇ ಅದು ತೆರೆಯುವುದು. ಅವುಗಳ ಹಿಂದೆ ನೀರು ತಾನೇ ನುಗ್ಗುತ್ತದೆ.

ಈಗಿನ ಪುಡಿಯ ಒಂದು ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಅರ್ಧ ಲೋಟಕ್ಕೆ ಸುರಿದು ಸ್ಟ್ರಾಂಗ್ ಮಾಡಿಕೊಂಡರೆ ಉಲ್ಟಾ ಆಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡೂ ಮಟ್ಟಸವಾಗಿ, ಗೋಪುರ ಕಟ್ಟಬಾರದು. ಗುಟುಕು ಗುಟುಕಾಗಿ ಕುಡಿಯಬೇಕು. ನಮ್ಮ ರಾಮನವಮಿ ಪಾನಕ ಇದರ ದೂರದ ನೆಂಟ, ಬೆಲ್ಲದ ಕೈ ಮಾತ್ರ ಧಾರಾಳ. ನನ್ನ ಮಟ್ಟಿಗೆ ಉಪ್ಪು ಹಾಕಿದ ನೀರುಮಜ್ಜಿಗೆಗೆ ಮೊದಲ ಮಣೆ. ಬಿಪಿ ಇರುವವರು ಓಆರ್‌ಎಸ್‌ ಅನ್ನು ಜ್ಯೂಸಿನ ಹಾಗೆ ದಿನಾ ಹೀರಬಾರದು, ಅದರಲ್ಲಿ ಉಪ್ಪಿದೆ.

ಎಲ್ಲ ಬವಳಿಯೂ ನೀರಿನಿಂದ ಹೋಗುವುದಿಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಸುರಿಯಲೇಬಾರದು, ಮಗ್ಗುಲಾಗಿ ಮಲಗಿಸಬೇಕು. ಎದೆ ನೋವು, ಮಾತು ತೊದಲುವುದು, ಕೈ ಬಲ ಹೋಗುವುದು, ಮಾತು ಎಲ್ಲೆಲ್ಲೋ ಹೋಗುವುದು, ನಿಲ್ಲದ ವಾಂತಿ, ಬೆಳಗ್ಗೆಯಿಂದ ಸಂಜೆವರೆಗೂ ಮೂತ್ರವೇ ಇಲ್ಲದಿರುವುದು ಇದ್ದರೆ ಮಜ್ಜಿಗೆ ಕಡೆಯುತ್ತಾ ಕೂರಬಾರದು. ಆಸ್ಪತ್ರೆಗೆ ಓಡಬೇಕು.

ನಾನಂತೂ ಈಗ ನಿಧಾನವಾಗಿ ಏಳುತ್ತೇನೆ. ಬೆಳಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು ಕಾಲಾಡಿಸಿ, ಆಮೇಲೆ ನಿಲ್ಲುತ್ತೇನೆ. ‘ದೊಡ್ಡ ಜಮೀನ್ದಾರರು ಎದ್ದರು’ ಅಂತ ಮನೆಯಲ್ಲಿ ನಗುತ್ತಾರೆ. ಅಡುಗೆಮನೆಯ ಕ್ಯಾನಿನ ಪಕ್ಕ ಒಂದು ಲೋಟ ಇಟ್ಟಿದ್ದಾರೆ. ಹೋಗಿ ಬರುವಾಗೆಲ್ಲ ಅದು ತುಂಬಿರುತ್ತದೆ.

ಮುಂದಿನ ಭಾನುವಾರ ಮತ್ತೆ ಘಟಕಕ್ಕೆ ಹೋದೆ. ಅಜ್ಜಿ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ‘ತಾಗಿನಾವಾ?’ ಅಂದಳು. ಹೂಂ ಅಂದೆ. ಎರಡು ಲೋಟ ಅಂತ ಬೆರಳು ತೋರಿಸಿದೆ. ‘ನೀವು?’ ಅಂತ ಕೇಳಿದೆ. ಅವಳು ತಂಬಿಗೆ ನೋಡಿದಳು, ಸೊಪ್ಪು ನೋಡಿದಳು. ಬಿಸಿಲಿಗೆ ಸೊಪ್ಪು ಬಾಡುತ್ತದಲ್ಲಪ್ಪ, ಇರೋದನ್ನ ಅದಕ್ಕೇ ಹಾಕಿದೆ ಅಂದಳು. ನಾನು ಇನ್ನೊಂದು ಐದು ರೂಪಾಯಿಗೆ ಜೇಬು ತಡಕಿದೆ.