ಬಣವೆಯೊಳಗಿನ ಬಿಸಿ

ನಮ್ಮ ಬಣವೆ ಸುಟ್ಟುಹೋದಾಗ ನನಗೆ ಒಂಬತ್ತು ವರ್ಷ. ಬೆಂಕಿಗಿಂತ ಮೊದಲು ನೆನಪಿಗೆ ಬರುವುದು ಅದಕ್ಕೂ ನಾಲ್ಕೈದು ದಿನ ಹಿಂದಿನ ಒಂದು ಬೆಳಗು. ಚಳಿಗೆ ಕೈ ಮರಗಟ್ಟಿತ್ತು, ಬಣವೆಯೊಳಗೆ ಮೊಣಕೈವರೆಗೂ ತೂರಿಸಿದೆ. ಒಳಗೆ ಬೆಚ್ಚಗಲ್ಲ, ಬಿಸಿ! ಹೊರಗೆಳೆದರೆ ಬೆರಳಿಗೆಲ್ಲ ತೇವ, ಸಕ್ಕರೆ ಸೀದಂಥ ವಾಸನೆ. ಯಾರಿಗೂ ಹೇಳಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಹೋಗಿ ಅಲ್ಲೇ ಕೈ ಕಾಯಿಸಿಕೊಳ್ಳುತ್ತಿದ್ದೆ.

ಆ ರಾತ್ರಿ ಊರಿಗೆ ಊರೇ ಕೊಡ ಹಿಡಿದು ಓಡಿಬಂತು. ಕೊಟ್ಟಿಗೆಯಲ್ಲಿ ಹಸುಗಳು ಜಗ್ಗಿ ಜಗ್ಗಿ ಗಂಟು ಬಿಗಿದುಬಿಟ್ಟಿದ್ದವು. ಅಪ್ಪ ಕುಡುಗೋಲಿನಿಂದ ಹಗ್ಗ ಕೊಯ್ದು ಅಟ್ಟಿದರು. ಹುಲ್ಲು ಎಳೆದುಹಾಕಿದಷ್ಟೂ ಬೆಂಕಿ ಭುಗ್ಗೆನ್ನುತ್ತಿತ್ತು. ಮೂರು ದಿನ ಹೊಗೆಯಾಡಿತು.

ಹಳ್ಳಿಯ ಒಗ್ಗಟ್ಟು ಅಂತ ಯಾರಾದರೂ ಹೊಗಳಿ ಬರೆದಾಗ ನನಗೆ ಸ್ವಲ್ಪ ಕಿರಿಕಿರಿಯಾಗುತ್ತದೆ. ಸುಳ್ಳು ಅಂತಲ್ಲ. ಆದರೆ ರಾತ್ರಿ ಕೊಡ ದಾಟಿಸಿದ ಅವೇ ಕೈಗಳು ಬೆಳಗಾಗುವಷ್ಟರಲ್ಲಿ ನಮ್ಮ ಮನೆ ಆಳಿನ ಕಡೆ ಬೊಟ್ಟು ಮಾಡಿದವು. ಅವನು ಬೀಡಿ ಸೇದುತ್ತಿದ್ದ, ಸಾಕ್ಷಿ ಅಷ್ಟೇ. ಬೆಂಕಿ ಕಂಡು ಮೊದಲು ಕೂಗಿದವನೂ ಅವನೇ. ಅದನ್ನೂ ಅವನ ಮೇಲೇ ಹೊರಿಸಿದರು. ವಾರದೊಳಗೆ ಊರು ಬಿಟ್ಟ.

ಬಣವೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಶೇ. 20ಕ್ಕಿಂತ ಹೆಚ್ಚು ತೇವ ಇರುವಾಗಲೇ ಹುಲ್ಲು ಒಟ್ಟಿದರೆ ಒಳಗಿನ ಸೂಕ್ಷ್ಮಜೀವಿಗಳು ಕಾವು ಏರಿಸುತ್ತವೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅವು ಸಾಯುತ್ತವೆ, ಆದರೆ ಅಷ್ಟರಲ್ಲಿ ರಾಸಾಯನಿಕ ಕ್ರಿಯೆ ಶುರುವಾಗಿರುತ್ತದೆ; ದಪ್ಪ ಹುಲ್ಲು ಕಾವನ್ನು ಹೊರಗೆ ಬಿಡುವುದಿಲ್ಲ. ಒಟ್ಟಿದ 2ರಿಂದ 6 ವಾರದೊಳಗೆ ಅಪಾಯ ಹೆಚ್ಚು. ಕೆದಕಿದರೆ ಗಾಳಿ ಸಿಕ್ಕು ಧಗ್ಗೆನ್ನುತ್ತದೆ. ನಾವು ಆ ರಾತ್ರಿ ಮಾಡಿದ್ದು ಅದನ್ನೇ.

ಆ ವರ್ಷ ಮೋಡ ಕವಿದಿದೆ ಎಂದು ಅರೆ ಒಣಗಿದ ಹುಲ್ಲನ್ನೇ ಒಟ್ಟಿಸಿದ್ದು ಅಪ್ಪ. ಇನ್ನೆರಡು ದಿನ ಒಣಗಲಿ ಎಂದಿದ್ದವನು ಆ ಆಳೇ.

ಮರುವರ್ಷದಿಂದ ಅಪ್ಪ ಹೊಸ ಬಣವೆಗೆ ಉದ್ದನೆಯ ಕಬ್ಬಿಣದ ಸರಳು ಚುಚ್ಚಿಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಯಾಕೆ ಎಂದು ಕೇಳಿದರೆ, 'ಸುಮ್ಮನೆ' ಅನ್ನುತ್ತಿದ್ದರು.